ಬಿಗಿ ತೋಳಿನ ಅಂಗಿ

ಕಾಲರಿನ ಒಂದು ಮೂಲೆ ಮಗುಚಿ, ಇನ್ನೊಂದು ಮೂಲೆಯನ್ನು ಸೂಜಿಯ ಮೊನೆಯಿಂದ ಎಳೆದು ಚೂಪು ಮಾಡುತ್ತಿದ್ದಾಗ ಅಡುಗೆಮನೆಯಲ್ಲಿ ಗಂಡ ತಟ್ಟೆ ಸರಿಸಿದ ಸದ್ದಾಯಿತು. ಅವಳು ಎದ್ದು ನೋಡಬೇಕಾಗಿರಲಿಲ್ಲ. ಖಾಲಿ ತಟ್ಟೆ ಸರಿಸಿದರೆ ಬರುವ ಸದ್ದೇ ಬೇರೆ, ತುಂಬಿದ ತಟ್ಟೆಯದೇ ಬೇರೆ. ಇದು ತುಂಬಿದ ತಟ್ಟೆಯದು.

"ಆಯ್ತಾ?" ಎಂದಳು, ಹೊಲಿಗೆ ಯಂತ್ರದ ಪೆಡಲಿನಿಂದ ಕಾಲು ತೆಗೆಯದೆ.

"ಆಯ್ತು."

"ಮೊಟ್ಟೆ?"

"ಅರ್ಧ ತಿಂದೆ."

"ಇನ್ನರ್ಧ ಯಾರಿಗೆ ಇಟ್ಟಿದೀರಿ?"

"ಗೋಡೆಗೆ. ಅದಾದರೂ ಸ್ವಲ್ಪ ದಪ್ಪ ಆಗಲಿ."

ಒಳಕೋಣೆಯಿಂದ ಅತ್ತೆ, ಕೈಯಡುಗೆ ಸಪ್ಪೆಯಾದರೆ ಮಗ ಏನು ಮಾಡುತ್ತಾನೆ ಪಾಪ ಎಂದು ಯಾರಿಗೂ ಹೇಳದ ಹಾಗೆ ಎಲ್ಲರಿಗೂ ಕೇಳಿಸುವಂತೆ ಹೇಳಿದರು. ಅವಳು ಕಾಲರು ಹೊಲಿದು ಮುಗಿಸಿ, ದಾರ ಕಚ್ಚಿ ಹರಿದು, ಅಡುಗೆಮನೆಗೆ ಹೋಗಿ ಉಳಿದ ಅರ್ಧ ಮೊಟ್ಟೆಯನ್ನು ತಾನೇ ನಿಂತುಕೊಂಡು ತಿಂದಳು. ಉಪ್ಪು ಸರಿಯಾಗಿಯೇ ಇತ್ತು.

ಅವಳ ಗಂಡನನ್ನು ಜನ ಬೀರು ಎಂದೇ ಕರೆಯುತ್ತಿದ್ದರು. ಮನೆ ಸಾಮಾನು ಸಾಗಿಸುವ ಯಾರ್ಡಿನಲ್ಲಿ ಅವನದು ಮದುವೆಗೆ ಮೊದಲಿನಿಂದಲೂ ಇದ್ದ ಕೆಲಸ. ಯಾರದೋ ಮಂಚ, ಯಾರದೋ ಫ್ರಿಜ್ಜು, ಯಾರದೋ ಮನೆಯ ಕನ್ನಡಿ ಎಲ್ಲವನ್ನೂ ಇಕ್ಕಟ್ಟಿನ ಮೆಟ್ಟಿಲುಗಳಲ್ಲಿ ಹತ್ತಿಸಿ ಇಳಿಸಿದ ಆಳು. ಕಬ್ಬಿಣದ ಬೀರುವನ್ನು ಇಬ್ಬರು ಹಿಡಿದು ಎತ್ತುವುದು ಲೋಕದ ವಾಡಿಕೆ; ಇವನು ಬೆನ್ನಿಗೆ ಪಟ್ಟಿ ಕಟ್ಟಿಕೊಂಡು ಒಬ್ಬನೇ ಹೊತ್ತು ಮೂರನೆಯ ಮಹಡಿಗೆ ಹೋಗಿ, ಇಳಿಸಿ, ಎಲ್ಲಿಡಬೇಕು ಅಮ್ಮಾ ಎಂದು ಏದುಸಿರಿಲ್ಲದೆ ಕೇಳುತ್ತಿದ್ದ. ಆ ಹೆಸರು ಯಾರ್ಡಿನಿಂದ ಬೀದಿಗೆ ಬಂತು, ಬೀದಿಯಿಂದ ಮನೆಗೆ ಬಂತು. ಹೆತ್ತ ತಾಯಿಯೂ ಈಗ ಹಾಗೇ ಕರೆಯುತ್ತಿದ್ದರು.

ಹೋದ ವರ್ಷ ಅವನ ಕರುಳು ತಿರುಚಿಕೊಂಡಿತು. ಒಮ್ಮೆ ಹೊಟ್ಟೆ ಕೊಯ್ದರು, ಅದು ಕೀವಾಗಿ ಮತ್ತೊಮ್ಮೆ ಕೊಯ್ದರು. ತಿಂಗಳುಗಟ್ಟಲೆ ಮಲಗಿದವನು ಎದ್ದು ಕೂತಾಗ ತೊಡೆಯ ಮಾಂಸ ಎಲ್ಲಿಗೆ ಹೋಯಿತೆಂದು ಯಾರಿಗೂ ತಿಳಿಯಲಿಲ್ಲ. ತೋಳುಗಳು ಬಟ್ಟೆ ಒಣಹಾಕುವ ಕೋಲಿನಂತಾಗಿದ್ದವು. ಅವನ ಅಂಗಿಗಳನ್ನೆಲ್ಲ ಅವಳೇ ಹೊಲಿದದ್ದು, ಅವನ ಹಳೆಯ ಮೈಗೆ. ಈಗ ಅವನ್ನು ತೊಟ್ಟರೆ ಗಾಳಿ ಒಂದು ತೋಳಿನಿಂದ ಹೊಕ್ಕು ಇನ್ನೊಂದರಿಂದ ಹೊರಡುತ್ತಿತ್ತು.

ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುವ ಹುಡುಗಿ ಖಡಾಖಂಡಿತವಾಗಿ ಹೇಳಿದ್ದಳು. "ಹೋದ ಸ್ನಾಯು ವಾಪಸ್ ಬರುತ್ತೆ ಅಂಕಲ್. ಆದರೆ ಹೊಟ್ಟೆ ತುಂಬ ತಿನ್ನಬೇಕು, ಸ್ವಲ್ಪಸ್ವಲ್ಪ ಭಾರ ಎತ್ತಬೇಕು. ಎರಡರಲ್ಲಿ ಒಂದು ಬಿಟ್ಟರೂ ಬರಲ್ಲ. ವರ್ಷ ಹಿಡಿದರೂ ಹಿಡೀಬಹುದು." ಅವನ ಕಿವಿಗೆ ಬಿದ್ದದ್ದು ಭಾರ ಎತ್ತುವುದೊಂದೇ. ಮನೆಗೆ ಬಂದವನೇ ನೀರಿನ ಕ್ಯಾನು ಹಿಡಿದುಕೊಂಡು ಹಿತ್ತಲಲ್ಲಿ ನಿಂತ. ಎತ್ತಿದ, ಇಳಿಸಿದ, ಬೆವೆತ. ಊಟಕ್ಕೆ ಕೂತರೆ ಮಾತ್ರ ಎರಡು ತುತ್ತಿಗೆ ಬಾಯಿ ಮುಚ್ಚುತ್ತಿತ್ತು. ನಾಲಿಗೆಗೆ ಎಲ್ಲವೂ ಔಷಧಿಯಂತೆಯೇ ಇದೆ ಎನ್ನುತ್ತಿದ್ದ.

ಮಗಳು ಔಷಧಿ ಅಂಗಡಿಯ ಕೌಂಟರಿನಲ್ಲಿ ಕೆಲಸಕ್ಕಿದ್ದಳು. ಕೆಲಸದಿಂದ ಬಂದವಳು ಚಪ್ಪಲಿ ಬಿಡುವ ಮೊದಲೇ ಅಪ್ಪನ ತಟ್ಟೆಯ ವಿಚಾರಣೆ ನಡೆಸುತ್ತಿದ್ದಳು.

"ಅಪ್ಪಾ, ತಿನ್ನದೆ ಕಸರತ್ತು ಮಾಡಿದರೆ ಇರೋದೂ ಕರಗುತ್ತೆ. ಸೌದೆ ಇಡದೆ ಒಲೆ ಊದಿದರೆ ಏನು ಬರುತ್ತೆ?"

"ಬೂದಿ," ಎಂದ ಅವನು. "ಊದಿದೋನ ಮುಖಕ್ಕೆ."

"ತಮಾಷೆ ಬೇಡ. ಮಧ್ಯಾಹ್ನ ಏನು ತಿಂದೆ?"

"ನಿಮ್ಮಮ್ಮನ ಬೈಗುಳ. ಅದರಲ್ಲೇ ಹೊಟ್ಟೆ ತುಂಬ್ತು."

ಹೆಂಡತಿ ಬಗೆಬಗೆಯಾಗಿ ಪ್ರಯತ್ನಿಸಿದಳು. ಬೇಳೆಯನ್ನು ಹಾಲಿನಷ್ಟು ನುಣ್ಣಗೆ ಅರೆದಳು. ಕೋಳಿಯನ್ನು ಬೇಯಿಸಿ ಎಳೆಎಳೆಯಾಗಿ ಬಿಡಿಸಿಟ್ಟಳು. ಶೇಂಗಾ ಪುಡಿ ಮಾಡಿ ಬಾಳೆಹಣ್ಣಿನ ಜೊತೆ ಕಲಸಿದಳು. ಅವನು ಪ್ರತಿಯೊಂದನ್ನೂ ಮೆಚ್ಚಿದ, ಪ್ರತಿಯೊಂದನ್ನೂ ಬಿಟ್ಟ. ಬೇಕೆಂದು ಬಿಡುತ್ತಿರಲಿಲ್ಲ ಎನ್ನುವುದೇ ಅವಳ ಕೈ ಕಟ್ಟಿಹಾಕುತ್ತಿತ್ತು. ಹಟ ಮಾಡುವವನ ಜೊತೆ ಜಗಳವಾಡಬಹುದು, ನಾಚಿಕೊಂಡು ತಟ್ಟೆ ಸರಿಸುವವನಿಗೆ ಏನೆಂದು ಬೈಯುವುದು?

ಹೀಗಿರುವಾಗ ಒಂದು ದಿನ ಅವನ ಬಿಳಿ ಅಂಗಿಯ ಕಂಕುಳು ಹರಿಯಿತು. ಅವಳ ಮುಂದೆ ಹೋಟೆಲೊಂದರ ಮಾಣಿಗಳ ಸಮವಸ್ತ್ರದ ಗಂಟು ರಾಶಿ ಬಿದ್ದಿತ್ತು. ಅದರ ನಡುವೆ ಅವಸರದಲ್ಲಿ ಗಂಡನ ಅಂಗಿಯನ್ನೂ ಯಂತ್ರಕ್ಕೆ ಕೊಟ್ಟಳು. ಹರಿದ ಜಾಗ ಜೂಲುಜೂಲಾಗಿದ್ದರಿಂದ ಹೊಲಿಗೆಯನ್ನು ಒಳಕ್ಕೆ ಹಿಡಿಯಬೇಕಾಯಿತು. ಕಂಕುಳಿಂದ ಮೊಣಕೈವರೆಗೆ ಎರಡು ತೋಳುಗಳನ್ನೂ ಸಮಮಾಡಿ ಒಂದು ಗೆರೆ ಓಡಿಸಿ ಬಿಸಾಕಿದಳು.

ಮರುದಿನ ಅವನು ಆ ಅಂಗಿ ತೊಟ್ಟು ಹಿತ್ತಲಿಗೆ ಹೋದವನು ಕ್ಯಾನು ಮುಟ್ಟದೆ ಹಿಂದಕ್ಕೆ ಬಂದ.

"ಇಲ್ಲಿ ನೋಡು," ಎಂದ.

"ಏನು?"

"ಇಲ್ಲಿ. ತೋಳು. ಹಿಡೀತಾ ಇದೆ."

ಮೊಣಕೈ ಮಡಿಸಿ ತೋರಿಸಿದ. ಬಟ್ಟೆ ತೋಳಿಗೆ ತಗುಲಿ ನಿಂತಿತ್ತು. ಹೊಲಿಗೆ ಹಿಡಿದಿದ್ದೇನೆ, ಅದಕ್ಕೇ ಎನ್ನಲು ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಅವನ ಮುಖ ನೋಡಿದಳು. ಆಸ್ಪತ್ರೆಗೆ ಹೋಗುವ ಮುಂಚೆ ನೋಡಿದ್ದ ಮುಖ. ಮನೆಯಲ್ಲಿದ್ದ ಕನ್ನಡಿ ಕ್ಷೌರದ ಚಿಕ್ಕ ಕನ್ನಡಿ ಮಾತ್ರ, ಅದರಲ್ಲಿ ಗಲ್ಲ ಕಂಡರೆ ಹಣೆ ಕಾಣುತ್ತಿರಲಿಲ್ಲ. ತನ್ನ ತೋಳನ್ನು ಅವನು ನೋಡಬೇಕಾದದ್ದು ಅವಳ ಕಣ್ಣಿನಲ್ಲಿ.

"ಹೌದಲ್ಲ," ಎಂದಳು.

ಆ ರಾತ್ರಿಯ ಊಟಕ್ಕೆ ಅವನು ಮೊಟ್ಟೆ ಪೂರ್ತಿ ತಿಂದ. ಅನ್ನ ಇನ್ನೊಂದು ಸಲ ಹಾಕಿಸಿಕೊಂಡ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, ನೋಡು, ಇವತ್ತು ಉಪ್ಪು ಸರಿಯಾಗಿ ಹಾಕಿದೀಯ ಎಂದರು.

ಸುಳ್ಳು ಹೇಳಬೇಕೆಂದು ಅವಳು ಕೂತು ಯೋಚಿಸಿದ್ದಲ್ಲ. ಒಂದು ಅಂಗಿಯ ತೋಳು ಬಿಗಿಯಾಗಿ ಮಿಕ್ಕವು ಜೋಲಾಡಿದರೆ ಅವನಿಗೆ ಗೊತ್ತಾಗಿಬಿಡುತ್ತಲ್ಲ ಎಂದು ಎರಡನೆಯದನ್ನೂ ಒಳಕ್ಕೆ ಹಿಡಿದು ಹೊಲಿದಳು, ಆಮೇಲೆ ಮೂರನೆಯದನ್ನು. ಒಗೆದು ಒಣಗಿದ ಅಂಗಿಗಳನ್ನು ಮಾಣಿಗಳ ಬಟ್ಟೆಯ ನಡುವೆ ಸೇರಿಸಿಕೊಂಡು, ವಾರವಾರ ಒಂದು ಎಳೆಯಷ್ಟು ಒಳಗೆ, ಇನ್ನೊಂದು ಎಳೆಯಷ್ಟು ಒಳಗೆ. ಎದೆಯ ಪಕ್ಕ, ಭುಜದ ತುದಿ ಕೂಡ. ದರ್ಜಿಯ ಗಂಡನಾಗಿಯೂ ಅವನಿಗೆ ಅನುಮಾನ ಬರಲಿಲ್ಲ. ಬೇಕಾಗಿದ್ದನ್ನು ಯಾರು ತಿರುಗಿಸಿ ನೋಡುತ್ತಾರೆ?

ಮನೆ ಬದಲಾಯಿತು. ಬೆಳಿಗ್ಗೆ ಎದ್ದವನೇ ಹಾಲು ಕೇಳುತ್ತಿದ್ದ. ಕ್ಯಾನು ಸಾಲದೆ ಮರಳಿನ ಚೀಲ ಬಂತು. ತಾಯಿಯ ಮುಂದೆ ತೋಳು ಮಡಿಸಿ ಹಿಸುಕಿ ನೋಡು ಎನ್ನುತ್ತಿದ್ದ. ಅವರು ಹಿಸುಕಿ, ಕಲ್ಲು ಕಣೋ ಎನ್ನುತ್ತಿದ್ದರು. ಮಗಳು ಅಂಗಡಿಯ ತೂಕದ ಯಂತ್ರದ ಮೇಲೆ ಹತ್ತು ಬಾ ಎಂದು ಕರೆದರೆ, ಕಬ್ಬಿಣಕ್ಕೇನು ಗೊತ್ತು ಮನುಷ್ಯನ ತೂಕ ಎಂದು ತಳ್ಳಿಹಾಕಿದ.

ಅವಳಿಗೆ ಗೊತ್ತಿತ್ತು. ಅವನ ಬೆನ್ನುಜ್ಜುವಾಗ ಅಂಗೈಗೆ ಹೆಗಲಿನ ಮೂಳೆ ಮೊದಲಿನಂತೆಯೇ ತಾಗುತ್ತಿತ್ತು. ಕೆನ್ನೆಗೆ ಸ್ವಲ್ಪ ರಂಗು ಬಂದಿತ್ತು, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿರಲಿಲ್ಲ, ಅದಿಷ್ಟು ನಿಜ. ಬರುತ್ತಿದೆ, ಮೆಲ್ಲಗೆ ಬರುತ್ತಿದೆ. ಆದರೆ ಮೈ ಇರುವೆಯ ಹಾಗೆ ನಡೆದರೆ ಅವಳ ಸೂಜಿ ಕುದುರೆಯ ಹಾಗೆ ಓಡಿತ್ತು. ಎಂದಾದರೂ ಮೈ ಸೂಜಿಯನ್ನು ಹಿಡಿದುಬಿಡುತ್ತದೆ, ಆಗ ಹೊಲಿಗೆಗಳನ್ನು ಒಂದೊಂದಾಗಿ ಬಿಚ್ಚಿಬಿಡುತ್ತೇನೆ ಎಂದುಕೊಂಡಿದ್ದಳು.

ಆಸ್ಪತ್ರೆಯ ಹುಡುಗಿ ಮತ್ತೆ ನೋಡಿ ಸಂತೋಷಪಟ್ಟಳು. ತಿನ್ನುತ್ತಿದ್ದಾರೆ, ಗೊತ್ತಾಗುತ್ತೆ ಎಂದಳು. ಆದರೆ ಹೊಟ್ಟೆಯ ಮೇಲೆ ಬೆರಳಿಟ್ಟು, ಅವನನ್ನು ಕೆಮ್ಮಿಸಿ, ಮುಖ ಗಂಭೀರ ಮಾಡಿಕೊಂಡಳು.

"ಆಂಟಿ, ಮರಳಿನ ಚೀಲದವರೆಗೆ ಸರಿ. ಅದಕ್ಕಿಂತ ದೊಡ್ಡದು ಈ ವರ್ಷ ಬೇಡವೇ ಬೇಡ. ಇಲ್ಲಿ ಕೊಯ್ದದ್ದು ಇನ್ನೂ ಕೂಡಿಲ್ಲ. ಇದು ಬಿಟ್ಟುಕೊಂಡರೆ ಮೂರನೇ ಸಲ ಕೊಯ್ಯೋದಕ್ಕೆ ಡಾಕ್ಟರೇ ಹೆದರ್ತಾರೆ."

ದಾರಿಯಲ್ಲಿ ಬರುತ್ತಾ ಅವಳು ಅದನ್ನೇ ಮತ್ತೆ ಹೇಳಿದಳು. ಅವನು ನಕ್ಕ. "ಆ ಹುಡುಗಿ ಪುಸ್ತಕ ನೋಡಿ ಹೇಳ್ತಾಳೆ. ನನಗೆ ನನ್ನ ಅಂಗಿ ಹೇಳುತ್ತೆ."

ಅವಳು ರಸ್ತೆ ದಾಟುವ ನೆಪದಲ್ಲಿ ಅವನ ಕೈ ಹಿಡಿದುಕೊಂಡಳು.

ಕೆಲಸಕ್ಕೆ ಮರಳುತ್ತೇನೆಂದು ಅವನು ಯಾರ್ಡಿಗೆ ಹೇಳಿ ಕಳಿಸಿದ್ದು ಅವಳಿಗೆ ತಿಳಿದದ್ದು ಮೇಸ್ತ್ರಿ ಮನೆಗೆ ಬಂದಾಗಲೇ. ಈಗಿನ ಮೇಸ್ತ್ರಿ ಬೀರುವಿನ ಕೈಕೆಳಗೆ ಪಟ್ಟಿ ಕಟ್ಟುವುದನ್ನು ಕಲಿತವನು, ಅವನನ್ನು ಅಣ್ಣ ಎಂದೂ ಅವಳನ್ನು ಅತ್ತಿಗೆ ಎಂದೂ ಕರೆಯುವವನು. ಚಹಾ ಕುಡಿಯುತ್ತಾ ಮಾತನ್ನು ಸುತ್ತಿ ಬಳಸಿ ತಂದ. ಗೇಟಿನ ಹತ್ತಿರ ಕುರ್ಚಿ ಹಾಕಿಸಿಕೊಡುತ್ತೇನೆ, ಹೋಗಿ ಬರುವ ಲಾರಿಗಳನ್ನು ನೋಡಿಕೊಂಡರೆ ಸಾಕು, ನೆರಳಿದೆ, ಫ್ಯಾನೂ ಇದೆ.

"ಕುರ್ಚಿ ಹೊರೋದಾದರೆ ಹೇಳು, ಬರ್ತೀನಿ. ಕೂರೋದಕ್ಕಲ್ಲ," ಎಂದ ಬೀರು. ನೀಲಿ ಅಂಗಿಯ ತೋಳು ಮಡಿಸಿ ತೋರಿಸಿದ. ಅದು ಯಾರ್ಡಿನ ಅಂಗಿ, ದಪ್ಪ ಬಟ್ಟೆಯದು. ಹೋದ ವಾರವಷ್ಟೇ ಅವಳು ಅದನ್ನು ಮತ್ತೊಮ್ಮೆ ಹಿಡಿದಿದ್ದಳು. "ನೋಡು. ಹಳೇ ಅಂಗಿ. ಮೈಗೆ ಸಾಲ್ತಾ ಇಲ್ಲ."

ಮೇಸ್ತ್ರಿ ಅಂಗಿಯನ್ನು ನೋಡಿದ, ಮಣಿಕಟ್ಟನ್ನು ನೋಡಿದ, ಆಮೇಲೆ ಅವಳನ್ನು ನೋಡಿದ.

"ಹಂಗಾದರೆ... ಬೀರು ಹೊರಬೇಕಾಗುತ್ತಲ್ಲ ಅಣ್ಣ."

"ಹೊರ್ತೀನಿ. ನಿಯಮ ಮಾಡಿದೋನು ನಾನು. ನನಗೇ ಬಿಟ್ಟುಕೊಟ್ಟರೆ ನಾಳೆ ಯಾರು ಕೇಳ್ತಾರೆ?"

ಆ ನಿಯಮ ಅವನದೇ. ಜ್ವರದಿಂದ ಎದ್ದವನೊಬ್ಬ ವಾಸಿಯಾಯಿತೆಂದು ಸುಳ್ಳು ಹೇಳಿ ಕೆಲಸಕ್ಕೆ ಬಂದು, ಮೆಟ್ಟಿಲ ಮೇಲೆ ಕೈ ಸೋತು, ಕೆಳಗಿದ್ದವನ ಪಾದ ಜಜ್ಜಿಹೋಗಿತ್ತು. ಅಂದಿನಿಂದ ಕಾಯಿಲೆ ಬಿದ್ದು ಮರಳುವವನು ಯಾರೇ ಆಗಲಿ, ಯಾರ್ಡಿನ ಮೂಲೆಯಲ್ಲಿ ತುಕ್ಕು ಹಿಡಿದು ನಿಂತಿರುವ ಹಳೆಯ ಬೀರುವನ್ನು ಗೇಟಿನಿಂದ ಲಾರಿಯ ಬಾಲದವರೆಗೆ ಎಲ್ಲರೆದುರು ಒಬ್ಬನೇ ಹೊರಬೇಕು. ಇಳಿಸಿದರೆ ಕೆಲಸ ವಾಪಸ್. ಇಲ್ಲದಿದ್ದರೆ ಮನೆ. ಅರ್ಧ ಬಲದವನು ತನ್ನ ಜೀವ ಅಲ್ಲ, ಪಕ್ಕದವನ ಜೀವ ತೆಗೀತಾನೆ ಎಂದು ಅವನು ಆಗ ಊಟದ ಹೊತ್ತಿನಲ್ಲಿ ಹೇಳಿದ್ದು ಅವಳಿಗೆ ನೆನಪಿತ್ತು. ಎಷ್ಟು ಸರಿಯಾಗಿ ಹೇಳುತ್ತಾರೆ ಎಂದುಕೊಂಡು ಅವಳು ಅಂದು ಇನ್ನೊಂದು ಸೌಟು ಬೇಳೆ ಬಡಿಸಿದ್ದಳು.

ಸೋಮವಾರ ಎಂದು ಗೊತ್ತಾಯಿತು. ಬೀದಿಯ ತನಕ ಕಳಿಸಲು ಹೋದ ಅವಳಿಗೆ ಮೇಸ್ತ್ರಿ ತಲೆ ತಗ್ಗಿಸಿಕೊಂಡು ಹೇಳಿದ. "ಹೇಗಾದರೂ ತಡೀರಿ ಅತ್ತಿಗೆ. ನಾನು ಬೇಡ ಅಂದರೆ ಅವಮಾನ ಮಾಡಿದ ಹಾಗೆ. ನೀವಂದರೆ ಕೇಳ್ತಾರೆ."

ಆ ವಾರವೆಲ್ಲ ಮನೆಯಲ್ಲಿ ಅದೇ ಜಗಳ. ಅವಳು ಬೇಡವೆಂದಳು, ಬೇಡವೆನ್ನಲು ನೀನೇನು ಡಾಕ್ಟರಾ ಎಂದ. ಮಗಳು ಡಾಕ್ಟರರ ಚೀಟಿಯನ್ನೇ ತಂದು ಮುಂದಿಟ್ಟಳು. ಅದನ್ನು ಮಡಿಸಿ ಅಲುಗಾಡುವ ಮೇಜಿನ ಕಾಲಿಗೆ ಕೊಟ್ಟ. ಅತ್ತೆ ಮಾತ್ರ, ಗಂಡಸು ಎಷ್ಟು ದಿನ ಹೆಂಗಸಿನ ಹೊಲಿಗೆ ಯಂತ್ರದ ಸದ್ದು ಕೇಳ್ಕೊಂಡು ಕೂರ್ತಾನೆ, ಹೋಗಲಿ ಬಿಡಿ ಎಂದರು.

"ಹೋಗಿ ಬಿದ್ದರೆ ಅಜ್ಜಿ?" ಎಂದಳು ಮಗಳು. "ಹೊಟ್ಟೆ ಹರಿದರೆ? ನೀನು ಹೊಲೀತೀಯಾ, ಅಮ್ಮ ಹೊಲೀತಾಳಾ?"

"ನಾಲಿಗೆ ಬಿಗಿ ಹಿಡಿ," ಎಂದು ಅವನು ತಟ್ಟೆಯಿಂದ ತಲೆಯೆತ್ತದೆ ಹೇಳಿದ. "ನಾನು ಗೇಟಲ್ಲಿ ಕೂತು ಸಲಾಮು ಹೊಡೆಯೋಕೆ ಇಷ್ಟೆಲ್ಲ ತಿಂದೆ ಅಂದ್ಕೊಂಡ್ಯಾ? ಗಂಟಲಿಗೆ ಇಳೀದೆ ಇದ್ದಾಗಲೂ ನುಂಗಿದೀನಿ. ಒಂದೊಂದು ತುತ್ತೂ ಸೋಮವಾರಕ್ಕೇ ತಿಂದಿದ್ದು."

ಅವಳು ಅವನ ತಟ್ಟೆಗೆ ಅನ್ನ ಹಾಕಿದಳು. ಅವನು ತಿಂದ.

ಶನಿವಾರ ಮಧ್ಯಾಹ್ನ ಅತ್ತೆ ಒಣಗಿದ ಬಟ್ಟೆ ಮಡಚುತ್ತಾ ಅವಳ ಯಂತ್ರದ ಪಕ್ಕ ಬಂದು ಕೂತರು. ಅವನು ಹಿತ್ತಲಲ್ಲಿ ಮರಳಿನ ಚೀಲದ ಜೊತೆಗಿದ್ದ. ಅವರು ಮಗನ ಅಂಗಿಯೊಂದನ್ನು ತೊಡೆಯ ಮೇಲೆ ಹರಡಿ, ಕಂಕುಳಿನ ಹತ್ತಿರ ಬೆರಳಾಡಿಸಿದರು.

"ಕಣ್ಣು ಮಂದ ಆಗಿರಬಹುದು. ಬೆರಳು ಆಗಿಲ್ಲ," ಎಂದರು ಮೆತ್ತಗೆ. "ಎಷ್ಟು ಹಿಡಿದಿದೀಯ?"

ಅವಳ ಕಾಲು ಪೆಡಲಿನ ಮೇಲೆಯೇ ನಿಂತಿತು. "ಮೊದಲು ಸ್ವಲ್ಪ. ಆಮೇಲೆ ಎರಡು ಬೆರಳಷ್ಟು."

"ಯಾವಾಗಿಂದ?"

"ಅವರು ಪೂರ್ತಿ ಮೊಟ್ಟೆ ತಿಂದರಲ್ಲ ಅತ್ತೆ, ಆವತ್ತಿಂದ."

ಅತ್ತೆ ಅಂಗಿಯ ಹೊಲಿಗೆಯನ್ನು ಸವರಿದರು. ಬೈಯುತ್ತಾರೆಂದು ಅವಳು ಕಾದಳು. ಬೈದಿದ್ದರೆ ಹಗುರಾಗುತ್ತಿತ್ತು.

"ನಾನೂ ಕಲ್ಲು ಕಲ್ಲು ಅಂತಿದ್ದೆನಲ್ಲ," ಎಂದರು ಕೊನೆಗೆ. "ಹಿಸುಕಿದಾಗ ನನಗೇನು ಗೊತ್ತಾಗಲಿಲ್ವಾ? ಮೂಳೆ ಕೈಗೆ ಸಿಕ್ತು. ತಿನ್ನಲಿ ಅಂತ ಅಂದೆ."

"ಈಗ ಹೇಳಿಬಿಡೋಣವಾ?"

"ಹೇಳಿದರೆ ತಿನ್ನೋದು ಬಿಡ್ತಾನೆ."

"ಹೇಳದಿದ್ದರೆ ಹೊರ್ತಾರೆ."

ಅತ್ತೆ ಅಂಗಿ ಮಡಚಿ, ಅದರ ಮೇಲೆ ಅಂಗೈಯಿಟ್ಟು ಒತ್ತಿದರು, ಇಸ್ತ್ರಿ ಮಾಡುವವರ ಹಾಗೆ. ಆಮೇಲೆ ಗೋಡೆ ಹಿಡಿದುಕೊಂಡು ಎದ್ದು ಒಳಗೆ ಹೋದರು. ಆಮೇಲೆ ಸೋಮವಾರದ ಮಾತು ಬಂದಾಗ ಹೋಗಲಿ ಬಿಡಿ ಎಂದು ಅವರು ಹೇಳಲಿಲ್ಲ. ಬೇಡವೆಂದೂ ಹೇಳಲಿಲ್ಲ.

ಭಾನುವಾರ ಅವಳು ಹೇಳಲು ಎರಡು ಸಲ ಹೋದಳು. ಮೊದಲ ಸಲ ಅವನು ಪಟ್ಟಿಗೆ ಎಣ್ಣೆ ಹಚ್ಚುತ್ತಿದ್ದ. ಆಸ್ಪತ್ರೆಗೆ ಹೋದಂದಿನಿಂದ ಮೊಳೆಯಲ್ಲೇ ನೇತಾಡುತ್ತಿದ್ದ ಅಗಲವಾದ ತೊಗಲಿನ ಪಟ್ಟಿ. ಒಣಗಿ ಸೆಟೆದುಕೊಂಡಿದ್ದನ್ನು ಅವನು ಮಗುವಿಗೆ ಎಣ್ಣೆ ತಿಕ್ಕುವ ಹಾಗೆ ತಿಕ್ಕುತ್ತಿದ್ದ. ಏನು ಎಂದು ಕೇಳಿದ. ಎಣ್ಣೆ ನೆಲಕ್ಕೆ ಚೆಲ್ಲಬೇಡಿ ಎಂದು ಹೇಳಿ ಬಂದಳು.

ಎರಡನೆಯ ಸಲ ಸಂಜೆ, ಅವನು ಊಟಕ್ಕೆ ಕೂತಿದ್ದಾಗ. ಬೆಳಿಗ್ಗೆ ಬೇಗ ಎದ್ದು ಹೋಗಬೇಕೆಂದು ಇನ್ನೂ ಬೆಳಕಿರುವಾಗಲೇ ಊಟ ಕೇಳಿದ್ದ. ಅವಳು ಎದುರಿಗೆ ಕೂತಳು.

"ರೀ."

"ಹೂಂ."

"ಕುರ್ಚಿ ಕೆಲಸ ಏನು ಕಮ್ಮಿ ಕೆಲಸ ಅಲ್ಲ."

"ಇನ್ನೊಂದು ಮೊಟ್ಟೆ ಇದೆಯಾ?"

ಇಡೀ ವರ್ಷ ಅವಳು ಕಾದದ್ದು ಇದೇ ಮಾತಿಗೆ. ಬೇಡಬೇಡವೆಂದು ತಟ್ಟೆಗೆ ಅಡ್ಡ ಬರುತ್ತಿದ್ದ ಕೈ, ಈಗ ತಾನಾಗಿ ತಟ್ಟೆ ಮುಂದೆ ಹಿಡಿದಿತ್ತು. ಅವಳು ಎದ್ದು ನೀರಿಟ್ಟಳು. ಕುದಿಯುವ ನೀರಿನಲ್ಲಿ ಮೊಟ್ಟೆ ಪಾತ್ರೆಯ ತಳಕ್ಕೆ ಟಕಟಕ ಬಡಿಯುವುದನ್ನು ಕೇಳುತ್ತಾ ನಿಂತಳು. ಸಿಪ್ಪೆ ಬಿಡಿಸಿ, ಉಪ್ಪು ಉದುರಿಸಿ, ತಟ್ಟೆಗಿಟ್ಟಳು.

"ನೀಲಿ ಅಂಗಿ ಇಸ್ತ್ರಿ ಮಾಡಿಡು," ಎಂದ ಅವನು ಬಾಯ್ತುಂಬ. "ಅದನ್ನೇ ಹಾಕ್ಕೊಂಡು ಹೋಗ್ತೀನಿ. ನೋಡಲಿ."

ಅವನು ಮಲಗಲು ಹೋದ. ಮಗಳು ಇನ್ನೂ ಅಂಗಡಿಯಿಂದ ಬಂದಿರಲಿಲ್ಲ. ಅತ್ತೆಯ ಕೋಣೆಯ ಬಾಗಿಲು ಮುಂದೆ ಮಾಡಿತ್ತು. ಕಿಟಕಿಯಲ್ಲಿ ಉಳಿದಿದ್ದ ಬೆಳಕಿಗೆ ಅವಳು ನೀಲಿ ಅಂಗಿಯನ್ನು ಒಳಮೈ ಹೊರಗಾಗಿ ತಿರುಗಿಸಿ ತೊಡೆಯ ಮೇಲಿಟ್ಟುಕೊಂಡು, ಡಬ್ಬಿಯಿಂದ ಬ್ಲೇಡು ತೆಗೆದಳು.

ಬಿಚ್ಚುವುದು ಹೊಲಿಯುವುದಕ್ಕಿಂತ ಸುಲಭ. ಒಂದು ಹೊಲಿಗೆ ಬಿಟ್ಟು ಒಂದು ಕತ್ತರಿಸಿ ದಾರದ ತುದಿ ಎಳೆದರೆ, ವಾರಗಟ್ಟಲೆಯ ಕೆಲಸ ಸುರುಳಿಯಾಗಿ ಕೈಗೆ ಬಂತು. ಕಂಕುಳು, ತೋಳು, ಎದೆಯ ಪಕ್ಕ. ಅಂಗಿ ಸ್ವಲ್ಪಸ್ವಲ್ಪವಾಗಿ ಅಗಲವಾಗುತ್ತಾ ಹೋಯಿತು, ಬೀರು ಹೊರುತ್ತಿದ್ದವನ ಅಳತೆಗೆ. ಬೆಳಿಗ್ಗೆ ಅವನು ಇದರೊಳಗೆ ಕೈ ತೂರಿಸುತ್ತಾನೆ. ತೋಳು ಎಲ್ಲಿಯೂ ತಗುಲುವುದಿಲ್ಲ. ಒಂದೇ ರಾತ್ರಿಗೆ ಎಲ್ಲ ಕರಗಿಹೋಯಿತೆಂದು ಹಾಸಿಗೆಯ ಅಂಚಿನಲ್ಲಿ ಕೂತುಬಿಡುತ್ತಾನೆ. ಯಾರ್ಡಿಗೆ ಹೋಗುವುದಿಲ್ಲ. ಹಾಲು ಕೇಳುವುದಿಲ್ಲ.

ಅವಳು ಅಂಗಿಯನ್ನು ಹೊರಮೈಗೆ ತಿರುಗಿಸಿ ಬೆಳಕಿಗೆ ಹಿಡಿದಳು. ದಪ್ಪ ನೀಲಿ ಬಟ್ಟೆಯ ಮೇಲೆ, ಹಳೆಯ ಹೊಲಿಗೆಯ ಪಕ್ಕದಲ್ಲಿ, ಸೂಜಿ ಹೋಗಿ ಬಂದ ತೂತುಗಳು ಸಾಲುಸಾಲಾಗಿ ಉಳಿದಿದ್ದವು. ವಾರಕ್ಕೊಂದು ಸಾಲು, ಕಂಕುಳಿಂದ ಮೊಣಕೈವರೆಗೆ ಒಂದರ ಪಕ್ಕ ಒಂದು.

ಗಿರಾಕಿಗಳ ಬಟ್ಟೆಯಾಗಿದ್ದರೆ ಅವಳು ಹೀಗೆ ಕೊಡುವವಳಲ್ಲ. ಬಿಚ್ಚಿದ ಜಾಗಕ್ಕೆ ನೀರು ಚಿಮುಕಿಸಿ, ಉಗುರಿನ ಬೆನ್ನಿನಿಂದ ಎಳೆಗಳನ್ನು ತಿಕ್ಕಿ ಕೂಡಿಸಿ, ಮೇಲೆ ಇಸ್ತ್ರಿ ಎಳೆದರೆ ತೂತು ಮುಚ್ಚಿಹೋಗುತ್ತದೆ. ಇಲ್ಲಿ ಹೊಲಿಗೆಯಿತ್ತೆಂದು ಹೊಲಿದವಳೂ ಹೇಳಲಾರಳು. ಅವಳು ಲೋಟದ ನೀರಿನಲ್ಲಿ ಬೆರಳದ್ದಿದಳು. ಒದ್ದೆ ಬೆರಳು ತೋಳಿನ ಮೇಲೆ ಒಂದು ಗಳಿಗೆ ನಿಂತಿತು.

ಆಮೇಲೆ ಬೆರಳನ್ನು ಸೀರೆಗೆ ಒರೆಸಿಕೊಂಡಳು. ಇಸ್ತ್ರಿ ಪೆಟ್ಟಿಗೆಯನ್ನು ಬಿಸಿ ಮಾಡಲಿಲ್ಲ. ತೂತಿನ ಸಾಲು ಎದ್ದ ಕೂಡಲೇ ಅವನ ಕಣ್ಣಿಗೆ ಬೀಳುವಂತೆ ತೋಳುಗಳನ್ನು ಹೊರಮುಖವಾಗಿ ಮಡಚಿ, ಅಂಗಿಯನ್ನು ಬಾಗಿಲ ಪಕ್ಕದ ಮೊಳೆಗೆ, ತೊಗಲಿನ ಪಟ್ಟಿಯ ಮೇಲೆ ನೇತುಹಾಕಿದಳು.

ಒಳಗಿನಿಂದ ಅವನು, "ಇಸ್ತ್ರಿ ಆಯ್ತಾ?" ಎಂದು ನಿದ್ದೆಗಣ್ಣಿನಲ್ಲಿ ಕೇಳಿದ.

"ಆಯ್ತು, ಮಲಗಿ," ಎಂದಳು. ನೆಲದ ಮೇಲೆ ಬಿದ್ದಿದ್ದ ನೀಲಿ ದಾರದ ಚೂರುಗಳನ್ನು ಗುಡಿಸದೆ ಹಾಗೇ ಬಿಟ್ಟು, ಬೆಳಿಗ್ಗೆಗೆಂದು ಮೊಟ್ಟೆಗಳನ್ನು ತೆಗೆದಿಡಲು ಅಡುಗೆಮನೆಗೆ ಹೋದಳು.